ಡಬ್ಬದ ಮೇಲೆ 1050, ಒಳಗೆ 550

2018ರ ದೀಪಾವಳಿ ರಜೆಗೆ ಅಕ್ಕನ ಮಗ ಹಾಸನದಿಂದ ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದ. ಬ್ಯಾಗಿನಲ್ಲಿ ಟವೆಲ್ ಸುತ್ತಿ ಜೋಪಾನವಾಗಿ ಒಂದು ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರಿನಲ್ಲಿ ಗೇಮಿನ ಚಿತ್ರ ಮೂಡಿಸುವ ಬಿಡಿಭಾಗ) ತಂದಿದ್ದ. ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ, 4 ಜಿಬಿ. ಚೀನಾದ ಒಬ್ಬ ಮಾರಾಟಗಾರನಿಂದ ಆನ್‌ಲೈನಲ್ಲಿ ತರಿಸಿದ್ದು.

"ಮಾಮ, ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗುತ್ತೆ. ನನ್ನ ಎಸ್‌ಎಂಪಿಎಸ್, ಅದೇ ಕರೆಂಟ್ ಕೊಡೋ ಡಬ್ಬ, ಸಾಲ್ತಿಲ್ಲ ಅನ್ಸುತ್ತೆ. ನಿಮ್ಮ ಸಿಸ್ಟಮ್‌ಗೆ ಹಾಕಿ ನೋಡೋಣ್ವಾ?"

ಎಷ್ಟು ಕೊಟ್ಟೆ ಅಂದೆ. ಇಲ್ಲಿನ ಬೆಲೆಯ ಅರ್ಧಕ್ಕಿಂತ ಕಡಿಮೆ. ಕ್ರಿಪ್ಟೋ ಮೈನಿಂಗ್ ಮಾಡುವವರು, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ಹಣ ಗಳಿಸುವವರು, ಆ ವರ್ಷದ ಆರಂಭದಲ್ಲಿ ಕಾರ್ಡುಗಳನ್ನು ರಾಶಿ ರಾಶಿ ಕೊಂಡು ಬೆಲೆ ಏರಿಸಿದ್ದರು. ಕಾಲೇಜು ಹುಡುಗರಿಗೆ ಅಂಥ ಜಾಹೀರಾತು ಕಂಡರೆ ಕೈ ತಡೆಯುವುದು ಕಷ್ಟ. ಭಾವ ಮಾತ್ರ ಕ್ರೆಡಿಟ್ ಕಾರ್ಡ್ ಕೊಡುವಾಗಲೇ ಕೇಳಿದ್ದರಂತೆ, "ಅರ್ಧ ಬೆಲೆಗೆ ಕೊಡೋಕೆ ಅವನೇನು ನಿನ್ನ ಸೋದರಮಾವನಾ?" ಸೋದರಮಾವನಾದ ನಾನೂ ಕೊಟ್ಟಿರಲಿಲ್ಲ, ಆ ಮಾತು ಬೇರೆ.

ಕಾರ್ಡನ್ನು ಕೈಯಲ್ಲಿ ಹಿಡಿದಾಗಲೇ ಅನುಮಾನ ಬಂತು. ಕೇಬಲ್ ಸಿಕ್ಕಿಸುವ ಕಡೆ ನೀಲಿ ಬಣ್ಣದ ವಿಜಿಎ ಪೋರ್ಟ್ ಇತ್ತು, ಮಾನಿಟರಿಗೆ ಹಳೆಯ ಕಾಲದ ಅನಲಾಗ್ ಸಿಗ್ನಲ್ ಕೊಡುವಂಥದ್ದು. 1050 ಟಿಐ ಬಂದದ್ದು 2016ರಲ್ಲಿ, ಪ್ಯಾಸ್ಕಲ್ ಪೀಳಿಗೆಯ ಚಿಪ್ ಜೊತೆ. ಆ ಪೀಳಿಗೆಯಲ್ಲಿ ಎನ್ವಿಡಿಯಾ ಅನಲಾಗ್ ಸಿಗ್ನಲ್ ಕೊಡುವುದನ್ನೇ ಬಿಟ್ಟಿತ್ತು. ಹಾಗಿದ್ದ ಮೇಲೆ ವಿಜಿಎ ಎಲ್ಲಿಂದ ಬಂತು? ಪವರ್‌ಗೆ 6 ಪಿನ್ ಸಾಕೆಟ್ ಬೇರೆ. 1050 ಟಿಐ ಸಾಮಾನ್ಯವಾಗಿ ಮದರ್‌ಬೋರ್ಡ್ ಕೊಡುವ 75 ವಾಟ್‌ನಲ್ಲೇ ನಡೆಯುತ್ತದೆ. ಕೆಲವು ಕಂಪನಿಗಳು 6 ಪಿನ್ ಇಟ್ಟದ್ದೂ ಉಂಟು, ಅದಕ್ಕೇ ಅದೊಂದನ್ನೇ ಹಿಡಿದು ತೀರ್ಮಾನ ಮಾಡುವಂತಿಲ್ಲ. ಆದರೆ ಡಬ್ಬದ ಮೇಲೆ ಆಸುಸ್, ಝೋಟ್ಯಾಕ್ ಅಂತ ಯಾವ ಕಂಪನಿಯ ಹೆಸರೂ ಇರಲಿಲ್ಲ. ಸೀರಿಯಲ್ ನಂಬರೂ ಇಲ್ಲ. ಸುಮ್ನೆ ಒಂದು ಹಸಿರು ಡಬ್ಬ, ಒಂದು ಸಿಡಿ.

"ವಿಂಡೋಸ್‌ನಲ್ಲಿ 1050 ಟಿಐ ಅಂತಲೇ ತೋರಿಸುತ್ತಲ್ಲ ಮಾಮ?" ಅಂದ. ತೋರಿಸುತ್ತದೆ. ಕಾರ್ಡಿನ ಬಯಾಸ್ (ಅದರೊಳಗೇ ಕೂತಿರುವ ಪುಟ್ಟ ತಂತ್ರಾಂಶ) ಏನು ಹೇಳುತ್ತದೋ ವಿಂಡೋಸ್ ಅದನ್ನೇ ನಂಬುತ್ತದೆ. ಹಳೆಯ ಸ್ಕೂಟರಿಗೆ ಹೊಸ ಬೈಕಿನ ನಂಬರ್ ಪ್ಲೇಟ್ ಹಾಕಿದ ಹಾಗೆ, ಬಯಾಸ್ ತಿದ್ದಿದರೆ ಹೆಸರೂ ಬದಲು, ಮೆಮೊರಿಯ ಲೆಕ್ಕವೂ ಬದಲು.

ನನ್ನ ಸಿಸ್ಟಮ್‌ಗೆ ಹಾಕಿ ಜಿಪಿಯು-ಝಡ್ ಓಡಿಸಿದೆ. ಕಾರ್ಡಿನ ವಿವರ ತೋರಿಸುವ ಉಚಿತ ತಂತ್ರಾಂಶ, ಕೆಲವೇ ಎಂಬಿ. ಆ ವರ್ಷವೇ ಅದಕ್ಕೆ ನಕಲಿ ಕಾರ್ಡ್ ಹಿಡಿಯುವ ಸೌಲಭ್ಯ ಸೇರಿಸಿದ್ದರು. ಅದು ಹೆಸರನ್ನು ನಂಬುವುದಿಲ್ಲ, ಒಳಗಿನ ಚಿಪ್ ಯಾವುದು ಅಂತ ನೋಡುತ್ತದೆ. ಕಾರ್ಡಿನ ಹೆಸರಿಗೆ ಮೊದಲೇ 'ಫೇಕ್' ಅಂತ ಬಂತು. ಚಿಪ್ ಇರಬೇಕಾದದ್ದು ಜಿಪಿ107, ಇದ್ದದ್ದು ಜಿಎಫ್116. ಅಂದರೆ 2011ರ ಜಿಟಿಎಕ್ಸ್ 550 ಟಿಐ ಕಾಲದ್ದು. ಅದರಲ್ಲಿ ಲೆಕ್ಕ ಮಾಡುವ ಕೋರ್‌ಗಳು 192, ಅಸಲಿ 1050 ಟಿಐಯಲ್ಲಿ 768. ಮೆಮೊರಿ ಬರೀ 1 ಜಿಬಿ. ಗೇಮ್ 4 ಜಿಬಿ ಇದೆ ಅಂತ ನಂಬಿ ತುಂಬುತ್ತಾ ಹೋಗುತ್ತದೆ, 1 ಜಿಬಿ ದಾಟಿದಾಗ ಸ್ಕ್ರೀನ್ ಕಪ್ಪು. ಪಾಪ, ಎಸ್‌ಎಂಪಿಎಸ್ ಮೇಲೆ ಸುಮ್ನೆ ಅಪವಾದ.

ಹುಡುಗ ತಕ್ಷಣ ಸ್ಕ್ರೂಡ್ರೈವರ್ ಹುಡುಕಿದ, ಚಿಪ್ ತಣ್ಣಗಿಡುವ ಹೀಟ್‌ಸಿಂಕ್ ಬಿಚ್ಚಿ ಅದರ ಕೆಳಗಿನ ಚಿಪ್ ಮೇಲಿನ ಅಕ್ಷರ ನೋಡೋಕೆ. ಬೇಡ ಅಂದೆ. ಬಿಚ್ಚಿದರೆ 'ನೀವೇ ಹಾಳು ಮಾಡಿದ್ರಿ' ಅಂತ ಜಾರಿಕೊಳ್ಳೋದು ಸುಲಭ. ದುಡ್ಡು ವಾಪಸ್ ಬರೋವರೆಗೆ ಕಾರ್ಡ್ ಬಂದ ಹಾಗೇ ಇರಬೇಕು. ಜಿಪಿಯು-ಝಡ್ ಚಿತ್ರ, ವಿಜಿಎ ಪೋರ್ಟಿನ ಫೋಟೋ, ಡಬ್ಬದ ಫೋಟೋ ಎಲ್ಲ ಸೇರಿಸಿ, ಕಾರ್ಡ್ ಕೊಂಡಿದ್ದ ಜಾಲತಾಣದಲ್ಲಿ ದೂರು ಹಾಕಿದೆವು. ದೂರಿನ ಗಡುವು ಇನ್ನೂ ಮುಗಿದಿರಲಿಲ್ಲ.

ಮಾರಾಟಗಾರ ಮಹಾ ವಿನಯವಂತ. ಮೊದಲು, 'ಸಿಡಿಯಲ್ಲಿರೋ ಡ್ರೈವರ್ ಹಾಕಿ ಗೆಳೆಯ' ಅಂದ. ಆ ಸಿಡಿಯನ್ನು ನನ್ನ ಕಂಪ್ಯೂಟರಿಗೆ ತೋರಿಸೋಕೂ ನನಗೆ ಇಷ್ಟವಿರಲಿಲ್ಲ. ಆಮೇಲೆ, '10 ಡಾಲರ್ ಕೊಡ್ತೀನಿ, ದೂರು ಮುಚ್ಚಿ' ಅಂದ. ನಂತರ, 'ನಿಮ್ಮ ಖರ್ಚಲ್ಲಿ ವಾಪಸ್ ಕಳಿಸಿ.' ಅಂಚೆಯಲ್ಲಿ ಚೀನಾಕ್ಕೆ ಕಳಿಸುವ ಖರ್ಚು ಎಷ್ಟಾಗುತ್ತದೆ ಅಂತ ಅವನಿಗೂ ಗೊತ್ತು. ಈ ಮೂರನೇ ಮೆಟ್ಟಿಲಲ್ಲೇ ಜಾಸ್ತಿ ಜನ ಸುಸ್ತಾಗಿ ಬಿಟ್ಟುಬಿಡೋದು, ಅವರ ವ್ಯಾಪಾರ ನಡೆಯೋದೂ ಅದರಿಂದಲೇ ಅಂತ ನನ್ನ ಗುಮಾನಿ. ನಾವು ದೂರು ಮುಚ್ಚಲಿಲ್ಲ. ಕೊನೆಗೆ ಜಾಲತಾಣದವರೇ ಮಧ್ಯೆ ಬಂದು ಪೂರ್ತಿ ಹಣ ಭಾವನ ಕಾರ್ಡಿಗೆ ಹಾಕಿದರು. ಪೋಸ್ಟ್‌ಮ್ಯಾನ್ ಕೈಗೆ ಕಟ್ಟಿದ್ದ ಕಸ್ಟಮ್ಸ್ ಸುಂಕ ಮಾತ್ರ ಹೋದದ್ದೇ.

ಆಮೇಲೆ ಹುಡುಗ ಹೀಟ್‌ಸಿಂಕ್ ಬಿಚ್ಚಿದ. ಚಿಪ್ ಮೇಲೆ ಜಿಎಫ್116 ಅಂತ ಚೊಕ್ಕವಾಗಿ ಕೊರೆದಿತ್ತು, ಅಳಿಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಹಾಸ್ಟೆಲ್ ಗೆಳೆಯನೊಬ್ಬ 2,000 ರೂಪಾಯಿಗೆ ಕೇಳಿದ್ದಾನೆ ಅಂತ ಫೋನ್ ಮಾಡಿದ. "ಏನಂತ ಹೇಳಿ ಮಾರ್ತೀಯ?" ಅಂದೆ. ಸುಮ್ಮನಾದ. ನಂತರ ಅವನೇ ಹಳೆಯ ಬಯಾಸ್ ಹುಡುಕಿ ಹಾಕಿ, ಸ್ಟಿಕ್ಕರ್ ಕಿತ್ತು, ಮಾರ್ಕರ್‌ನಲ್ಲಿ '550 ಟಿಐ, 1 ಜಿಬಿ' ಅಂತ ಬರೆದ. ಅದೇ ಗೆಳೆಯ ಅದನ್ನು 700ಕ್ಕೆ ತಗೊಂಡ.

ಜನವರಿಯಲ್ಲಿ ಹೊಸ ಕಾರ್ಡ್ ಕೊಳ್ಳೋಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆವು. ಹುಡುಗ ಈಗ ಪಕ್ಕಾ ಪೊಲೀಸ್. ಡಬ್ಬದ ಸೀರಿಯಲ್ ನಂಬರನ್ನೂ ಕಾರ್ಡಿನ ಮೇಲಿನದನ್ನೂ ಹೋಲಿಸಿದ, ಕಂಪನಿಯ ಸೈಟಿನಲ್ಲಿ ವಾರಂಟಿ ನೋಡಿದ, ಬಿಲ್ಲಿನಲ್ಲಿ ಆ ನಂಬರ್ ಬರೆಸಿದ. ಹೊರದೇಶದಿಂದ ತರಿಸಿದ್ದು ಅಸಲಿಯೇ ಆಗಿದ್ದರೂ ಎಷ್ಟೋ ಸಲ ಇಲ್ಲಿ ವಾರಂಟಿ ಸಿಗೋದಿಲ್ಲ, ಅಲ್ವಾ? ಕೊನೆಗೆ ಪೆನ್‌ಡ್ರೈವ್ ತೆಗೆದು, "ಅಣ್ಣ, ಒಂದ್ಸಲ ಜಿಪಿಯು-ಝಡ್ ಹಾಕ್ಲಾ?" ಎಂದ. ಅಂಗಡಿಯವರು ನನ್ನ ಮುಖ ನೋಡಿದರು. "ಹಾಕ್ಕೊಳಪ್ಪ. ಆದ್ರೆ ಪೆನ್‌ಡ್ರೈವ್ ಮೊದಲು ಸ್ಕ್ಯಾನ್ ಮಾಡ್ತೀನಿ. ನೀನು ನನ್ನ ನಂಬಲ್ಲ, ನಾನು ನಿನ್ನ ಪೆನ್‌ಡ್ರೈವ್ ನಂಬಲ್ಲ" ಎಂದರು.