ಭೂಕುಸಿತ ತಡೆಯುವ ಕೆಲಸಕ್ಕೆ ಜನ ಯಾವಾಗ ಮುಂದೆ ಬರುತ್ತಾರೆ: ಕೊಡಗಿನಲ್ಲಿ ಕಲಿತದ್ದು

ಭೂವಿಜ್ಞಾನ ಓದಿ, ಭೂಕುಸಿತದ ಅಪಾಯ ತಗ್ಗಿಸುವ ಕೆಲಸಕ್ಕಾಗಿ ಮಡಿಕೇರಿ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳನ್ನು ಸುತ್ತುವ ನನಗೆ ಮೇಲಿನವರಿಂದ ಬರುವ ಮೊದಲ ಪ್ರಶ್ನೆ, ‘ಜನರ ಸಹಕಾರ ಹೇಗಿದೆ?’ ಎಂಬುದು. ಸಭೆಯಲ್ಲಿ ‘ಸಹಕರಿಸುತ್ತೀರಾ?’ ಎಂದು ಕೇಳಿದರೆ ಇಲ್ಲವೆನ್ನುವವರು ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು ಸುತ್ತಮುತ್ತ ಬೆಟ್ಟಗಳು ಜರಿದು ತೋಟ, ಗದ್ದೆ, ಮನೆಗಳನ್ನು ಎಳೆದೊಯ್ದದ್ದನ್ನು ಕಂಡವರು ಇಲ್ಲವೆನ್ನುವುದಾದರೂ ಹೇಗೆ? ಆದರೆ ಯಾವ ಕೆಲಸಕ್ಕೆ, ಯಾರ ಖರ್ಚಿನಲ್ಲಿ, ಯಾವ ಹೊತ್ತಿನಲ್ಲಿ ಎಂದು ಬಿಡಿಸಿ ಕೇಳಿದಾಗಲೇ ಜನ ಎಷ್ಟರ ಮಟ್ಟಿಗೆ ತಯಾರಿದ್ದಾರೆ ಎಂಬುದು ತಿಳಿಯುತ್ತದೆ.

ಯಾರೂ ಕೇಳದಿದ್ದರೂ ಕೊಡಗಿನವರು ಮಾಡಿಕೊಂಡು ಬಂದಿರುವ ಒಂದು ಕೆಲಸವಿದೆ, ಅದು ಮಳೆ ಅಳೆಯುವುದು. ಕಾಫಿ ಹೂ ಅರಳಿಸುವ ಬೇಸಿಗೆಯ ‘ಹೂಮಳೆ’ಯ ಮೇಲೆ ಫಸಲು ನಿಂತಿರುವ ಕಾಫಿ ಬೆಳೆಗಾರರ ಮನೆಗಳಲ್ಲಿ ಬೆಳಿಗ್ಗೆ ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವುದು ತಲೆಮಾರುಗಳ ರೂಢಿ. ಹಿರಿಯರೊಬ್ಬರು ತಮ್ಮ ತಂದೆಯ ಕೈಬರಹದ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ‘ಇವತ್ತಿನ ಮಳೆ ಒಂದನ್ನೇ ನೋಡಬೇಡಿ ಸಾರ್, ಹಿಂದಿನ ಹತ್ತು ದಿನ ಎಷ್ಟು ಸುರಿದಿದೆ ಅಂತ ಕೂಡಿಸಿ ನೋಡಿ’ ಎಂದರು. ನಮ್ಮ ಶಾಸ್ತ್ರ ಹೇಳುವುದೂ ಅದನ್ನೇ. ಮೊದಲೇ ನೀರು ಕುಡಿದು ನಿಂತ ಮಣ್ಣಿಗೆ ಕೊನೆಯ ಜೋರು ಮಳೆ ಒಂದು ನೆಪವಷ್ಟೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆಯಾದರೂ ಇಲ್ಲಿ ಒಂದು ಬೆಟ್ಟದ ಮಳೆ ಪಕ್ಕದ ಬೆಟ್ಟಕ್ಕಿಲ್ಲವಾದ್ದರಿಂದ ಈ ಡೈರಿಗಳಿಗೆ ತಮ್ಮದೇ ಬೆಲೆಯಿದೆ. ನೆರೆಯ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಪರಿಸರ ಅಧ್ಯಯನ ಸಂಸ್ಥೆ ಊರವರ ನೆರವಿನಿಂದ ಜಿಲ್ಲೆಯುದ್ದಕ್ಕೂ ಮಳೆಯ ಅಳತೆ ಕಲೆಹಾಕುತ್ತದೆ. 2024ರ ಜುಲೈ 30ರ ಅಲ್ಲಿನ ಭೂಕುಸಿತ ದುರಂತಕ್ಕೆ ಮುನ್ನ ಎಚ್ಚರಿಕೆ ಕೊಡಲು ಅದಕ್ಕೆ ಸಾಧ್ಯವಾದದ್ದು ಈ ಅಳತೆಗಳಿಂದಲೇ.

ನಾವೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಳತೆಗಳನ್ನು ತರಿಸಿಕೊಳ್ಳುತ್ತೇವೆ. ಕಳುಹಿಸಿದವರಿಗೆ ಅಂದೇ ಸುತ್ತಲಿನ ಊರುಗಳ ಮಳೆಯ ಲೆಕ್ಕವನ್ನು ಮರಳಿ ಕೊಟ್ಟರೆ ಮಳೆಗಾಲವಿಡೀ ಅಳತೆ ಬರುತ್ತದೆ, ಉತ್ತರ ಸಿಗದಿದ್ದರೆ ಒಂದೆರಡು ವಾರದಲ್ಲೇ ಗುಂಪು ತಣ್ಣಗಾಗುತ್ತದೆ. ಇದನ್ನು ಜನರ ನಿರಾಸಕ್ತಿ ಎಂದು ವರದಿಯಲ್ಲಿ ಬರೆಯುವುದು ಅನ್ಯಾಯ.

ಕೈಯಿಂದ ಹಣ ಹೋಗುವ ಕಡೆ ವಿಷಯ ಬೇರೆಯಾಗುತ್ತದೆ. ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದು 2018ರ ಕುಸಿತಗಳಿಗೆ ಮುಖ್ಯ ಕಾರಣಗಳಲ್ಲೊಂದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಗುರುತಿಸಿತ್ತು. ಇದನ್ನು ಒಪ್ಪದವರಿಲ್ಲ, ಆದರೆ ಸಮತಟ್ಟು ಜಾಗವೇ ಇಲ್ಲದ ಊರಿನಲ್ಲಿ ಮಗನಿಗೊಂದು ಮನೆ ಕಟ್ಟಬೇಕಾದವರು ಬರೆ, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬ, ಕಡಿಯದೆ ಇರುವುದು ಕಷ್ಟ. ಹಾಗಾಗಿ ‘ಕಡಿಯಬೇಡಿ’ ಎಂಬ ಉಪದೇಶಕ್ಕಿಂತ, ಬರೆಯನ್ನು ಎಷ್ಟು ಎತ್ತರಕ್ಕೆ ಕಡಿಯಬೇಕೆಂದು ಸ್ಥಳದಲ್ಲೇ ತೀರ್ಮಾನಿಸುವ ಜೆಸಿಬಿ ಚಾಲಕರನ್ನೂ ಮೇಸ್ತ್ರಿಗಳನ್ನೂ ಕರೆದು ಕೂರಿಸುವುದು ಹೆಚ್ಚು ಫಲ ಕೊಟ್ಟಿದೆ. ಒಂದೇ ಗೋಡೆಯಂತೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಮೇಲಿನ ನೀರು ಬರೆಗೆ ಇಳಿಯದಂತೆ ಚರಂಡಿ ತಿರುಗಿಸುವುದು, ತಡೆಗೋಡೆಯಲ್ಲಿ ನೀರು ಹೊರಬರಲು ಪೈಪ್ ಇಡುವುದು – ಇವುಗಳನ್ನು ಅವರು ಬೇಗ ಹಿಡಿಯುತ್ತಾರೆ, ಮಾಲೀಕರಿಗೆ ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನೊಂದು ಅಡ್ಡಿ ಭಯ. ತೋಟದಲ್ಲಿ ಬಿರುಕು ಬಿಟ್ಟಿದ್ದರೂ, ಹೊಸ ಒರತೆಯಲ್ಲಿ ಕೆಮ್ಮಣ್ಣಿನ ನೀರು ಬರುತ್ತಿದ್ದರೂ ಕೆಲವರು ಬಾಯಿ ಬಿಡುವುದಿಲ್ಲ. ತಮ್ಮ ಜಾಗ ಅಪಾಯದ ಪಟ್ಟಿಗೆ ಸೇರಿದರೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೊಳ್ಳುವವರಿರುವುದಿಲ್ಲ ಎಂಬ ಅವರ ಆತಂಕ ನಿರಾಧಾರವಲ್ಲ. ಅಂಥ ಕಡೆ ನಾನು ಎಲ್ಲೆಲ್ಲಿ ಕುಸಿತದ ಸಾಧ್ಯತೆಯಿದೆ ಎಂದು ತೋರಿಸುವ ಜಿಎಸ್‌ಐ ನಕ್ಷೆಯನ್ನೇ ಬಿಡಿಸಿ ತೋರಿಸುತ್ತೇನೆ. 1:50,000 ಪ್ರಮಾಣದ ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಐದು ಎಕರೆ ತೋಟ ಮೂರು ಮಿಲಿಮೀಟರ್ ಚೌಕದೊಳಗೆ ಅಡಗುತ್ತದೆ. ಬೆಟ್ಟದ ಸ್ವಭಾವವನ್ನು ಹೇಳುವ ಆ ನಕ್ಷೆ ಒಂದು ಮನೆಯ ಹಣೆಬರಹ ಬರೆಯಲಾರದು ಎಂದು ಕಣ್ಣಾರೆ ಕಂಡ ಮೇಲೆ, ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆದಿಡಲು ಮನೆಯವರೇ ಮುಂದೆ ಬರುತ್ತಾರೆ. ಅಂತರ ಹೆಚ್ಚುತ್ತಿದ್ದರೆ ಮನೆ ಬಿಡಲು ಬೇರೆ ಯಾರೂ ಒತ್ತಾಯಿಸಬೇಕಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ತೋಟದ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು. ಅಲ್ಲಿನ ಕಾರ್ಮಿಕರು ಗ್ರಾಮಸಭೆಗೆ ಬರುವುದಿಲ್ಲ, ಏಕೆಂದರೆ ಸಭೆ ನಡೆಯುವುದು ಕೆಲಸದ ದಿನ. ಮಳೆ ಜೋರಾದಾಗ ಕಾಳಜಿ ಕೇಂದ್ರಕ್ಕೆ, ಅಂದರೆ ತಾತ್ಕಾಲಿಕ ಆಶ್ರಯಕ್ಕೆ, ಹೋಗಿ ಎಂದಾಗ ‘ಹೋಗೋಕೆ ನಾವು ತಯಾರು ಸಾರ್, ಎರಡು ದಿನದ ಕೂಲಿ ಯಾರು ಕೊಡ್ತಾರೆ?’ ಎಂದು ಮಹಿಳೆಯೊಬ್ಬರು ಕೇಳಿದ್ದಕ್ಕೆ ಜಾಗೃತಿಯ ಕರಪತ್ರದಲ್ಲಿ ಉತ್ತರವಿಲ್ಲ. ಕಾಳಜಿ ಕೇಂದ್ರಕ್ಕೆ ಹೋದ ದಿನಗಳ ಕೂಲಿ ಕಡಿಯುವುದಿಲ್ಲವೆಂದು ಮಾಲೀಕರು ಮುಂಗಾರಿಗೆ ಮೊದಲೇ ಒಪ್ಪಿಕೊಂಡ ತೋಟಗಳಲ್ಲಿ ಜನ ಮಧ್ಯಾಹ್ನವೇ, ಬೆಳಕಿರುವಾಗಲೇ ಹೊರಟದ್ದನ್ನು ನೋಡಿದ್ದೇನೆ. ಆದ್ದರಿಂದ ಈಗ ಲೈನ್ ಮನೆಗಳ ಸಭೆಯನ್ನು ಭಾನುವಾರ ಇಟ್ಟುಕೊಳ್ಳುತ್ತೇವೆ, ಮಾಲೀಕರನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ಕೂರಿಸಿಕೊಂಡು ಮೂರೇ ವಿಷಯ ಕೇಳುತ್ತೇವೆ: ಕೂಲಿ ಯಾರು ಕೊಡುತ್ತಾರೆ, ವಾಹನ ಯಾರದು, ದನಕರುಗಳನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟುವುದು. ಮೂರಕ್ಕೂ ಹೆಸರು ಸಿಕ್ಕಿದ ಮೇಲೆಯೇ ಮೇಲಿನವರಿಗೆ ಕಳುಹಿಸುವ ನಮೂನೆಯಲ್ಲಿ ‘ಸಹಕಾರವಿದೆ’ ಎಂದು ಬರೆಯುತ್ತೇನೆ.