ಅಂಜಿಕೆ ಮೊದಲು ಬೆರಳಿಗೆ ಬರುತ್ತದೆ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ. ಹಗಲೆಲ್ಲ ಗುಳಿಗೆ ಕೊಡುತ್ತೇನೆ, ರಾತ್ರಿ ಮನೆಗೆ ಬಂದು ಸಿತಾರ್ ಹಿಡಿಯುತ್ತೇನೆ. ಆಗಾಗ ಬೈಠಕ್‌ಗಳಲ್ಲಿ ನುಡಿಸುವುದೂ ಉಂಟು, ಜಾಸ್ತಿ ಧಾರವಾಡದಲ್ಲಿ. ಹೋದ ತಿಂಗಳು ವಾಯೊಲಿನ್ ಕಲಿಯುವ ಹುಡುಗನೊಬ್ಬ ಅಂಗಡಿಗೆ ಬಂದ. ಬೇರೆ ಗಿರಾಕಿಗಳು ಹೋಗುವವರೆಗೂ ಕಾದು, ದನಿ ತಗ್ಗಿಸಿ ಕೇಳಿದ: "ಅಕ್ಕಾರ, ವೇದಿಕಿ ಮ್ಯಾಲೆ ಕೈ ನಡಗೂದು ನಿಲ್ಲೂ ಗುಳಿಗಿ ಐತಂತಲ್ರೀ?"

ಇದೆ. ಪ್ರೊಪ್ರನೊಲಾಲ್ ಅಂತ. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಹೃದ್ರೋಗದವರಿಗಾಗಿ ತಂದ ಔಷಧಿ. 1988ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಎದೆಯ ಮೇಲೆ ನಡೆಸುವ ಜಬರದಸ್ತಿಯನ್ನು ಇದು ತಡೆಯುತ್ತದೆ. ಬಡಿತ ಇಳಿಯುತ್ತದೆ, ನಡುಕ ತಗ್ಗುತ್ತದೆ. ಹೊರದೇಶದ ಆರ್ಕೆಸ್ಟ್ರಾದವರು ಇದನ್ನು ನುಂಗಿ ವೇದಿಕೆ ಹತ್ತುವುದು ಗುಟ್ಟೇನಲ್ಲ. ಆದರೆ ದಮ್ಮು ಇದ್ದವರಿಗೆ ಇದು ಅಪಾಯ, ಉಸಿರೇ ಕಟ್ಟಬಹುದು. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗೂ ಇಲ್ಲ. "ನಿನಗ ದಮ್ಮು ಐತೇನು ತಮ್ಮಾ?" ಅಂದೆ. ಸಣ್ಣವನಿದ್ದಾಗ ಇತ್ತಂತೆ. ನೋಡಿ! ಮೊದಲು ಡಾಕ್ಟರಿಗೆ ತೋರಿಸು ಅಂದೆ. ಗುಳಿಗೆ ತಗೊಳ್ಳುವವರ ಮೇಲೆ ನನಗೇನೂ ತಕರಾರಿಲ್ಲ. ಕೇಳದೆ ತಗೊಳ್ಳುವುದಕ್ಕೆ ಮಾತ್ರ ತಕರಾರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಅವನ ಮುಂದೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನನಗೆ ಅಂಜಿಕೆ ಮೊದಲು ಬರುವುದು ಬೆರಳಿಗೆ. ಹೆದರಿದ ಮೈ ರಕ್ತವನ್ನು ಕೈಕಾಲಿನ ದೊಡ್ಡ ಸ್ನಾಯುಗಳ ಕಡೆ ಕಳಿಸುತ್ತದೆ, ಓಡಲಿಕ್ಕೆ ಅನುಕೂಲ ಆಗಲಿ ಅಂತ. ಬೆರಳ ತುದಿ ತಣ್ಣಗಾಗುತ್ತದೆ, ಮೇಲಿಂದ ಬೆವರು ಬೇರೆ. ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡಿರುತ್ತೇನೆ. ಎಣ್ಣೆಯ ಮೇಲೆ ಬೆವರು ಕೂತರೆ ಬಾಜ್ ಅನ್ನುವ ಮುಖ್ಯ ತಂತಿಯನ್ನು ಎಳೆದು, ಸ್ವರದಿಂದ ಸ್ವರಕ್ಕೆ ಒಂದೇ ಎಳೆತದಲ್ಲಿ ಸಾಗುವ ಮೀಂಡ್ ತೆಗೆಯುವಾಗ ಬೆರಳು ಅರ್ಧಕ್ಕೇ ಜಾರುತ್ತದೆ. ಗಂಧಾರದಿಂದ ಪಂಚಮಕ್ಕೆ ಹೋಗಬೇಕಾದ ಸ್ವರ ನಡುವೆ ಎಲ್ಲೋ ನಿಂತುಬಿಡುತ್ತದೆ. ತಂತಿ ಮೀಟಲು ಬಲಗೈ ಬೆರಳಿಗೆ ಹಾಕುವ ಮಿಜರಾಬೂ ಸಡಿಲ ಅನಿಸುತ್ತದೆ. ತಮಾಷೆ ಏನಂದ್ರೆ, ಕೊನೆಗೆ ಬರುವ ವೇಗದ ಝಾಲಾದಲ್ಲಿ ಈ ನಡುಕ ಯಾರಿಗೂ ಗೊತ್ತೇ ಆಗುವುದಿಲ್ಲ. ಅಷ್ಟು ವೇಗದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಮಾನ ಹೋಗುವುದು ತಬಲಾ ಇಲ್ಲದೆ ನಿಧಾನವಾಗಿ ನುಡಿಸುವ ಆಲಾಪದಲ್ಲಿ. ಅದೂ ಕಚೇರಿಯ ಮೊದಲಿಗೇ ಬರುತ್ತದೆ, ಅಂಜಿಕೆ ತುದಿಗೇರಿದ ಹೊತ್ತಿಗೆ ಸರಿಯಾಗಿ.

ಧಾರವಾಡದಲ್ಲಿ ಇನ್ನೊಂದು ಫಜೀತಿ. ಮುಂದಿನ ಸಾಲು. ಮಲ್ಲಿಕಾರ್ಜುನ ಮನ್ಸೂರರು ಹೋದದ್ದು 1992ರಲ್ಲಿ, ಗಂಗೂಬಾಯಿ ಹಾನಗಲ್ಲರು 2009ರಲ್ಲಿ. ಅವರನ್ನೆಲ್ಲ ಎದುರಿಗೆ ಕೂತು ಕೇಳಿದ ಹಿರಿಯರು ಇನ್ನೂ ಶಾಲು ಹೊದ್ದು ಬಂದು ಕೂರುತ್ತಾರೆ. ಸಿತಾರಿಗಂತೂ ಇದು ರಹಿಮತ್ ಖಾನ್, ಬಾಲೇಖಾನ್ ಅವರ ಊರು. ಸ್ವರ ಒಂದು ಕೂದಲಷ್ಟು ಇಳಿದರೂ ಮುಂದಿನ ಸಾಲಿನಲ್ಲಿ ಒಂದು ಹುಬ್ಬು ಏರುತ್ತದೆ. ಅದನ್ನು ನೋಡಿದರೆ ಕಥೆ ಮುಗೀತು. ಹಾಗಾಗಿ ಮೊದಲ ಹತ್ತು ನಿಮಿಷ ನಾನು ಯಾರ ಮುಖವನ್ನೂ ನೋಡುವುದಿಲ್ಲ. ತಬಲಾದವರ ಕೈ ನೋಡುತ್ತೇನೆ, ಅವರು ಸುಮ್ಮನೆ ಕೂತಿದ್ದರೂ.

"ಯಾಕ ಅಂಜತೀಯವ್ವಾ, ಮುಂದ ಏನ್ ಹುಲಿ ಕುಂತಾವೇನು?" ಅಂತ ಧೈರ್ಯ ಹೇಳುವವರು ಬಹಳ. ಪ್ರೀತಿಯಿಂದಲೇ ಹೇಳುತ್ತಾರೆ, ಉಪಯೋಗ ಮಾತ್ರ ಸೊನ್ನೆ. ಅಂಜಬೇಡ ಅಂದರೆ ಎದೆ ಕೇಳುತ್ತದೆಯೇ? ಹಾರ್ವರ್ಡ್‌ನ ಸಂಶೋಧಕಿಯೊಬ್ಬರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಜನರ ಮುಂದೆ ಹಾಡುವ ಮೊದಲು "ನನಗೆ ಹೆದರಿಕೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಹಾಡಿದರಂತೆ. ಎರಡರಲ್ಲೂ ಎದೆ ಬಡಿಯುವುದು ಒಂದೇ ಥರ ಅಲ್ವಾ? ನಾನೂ ಮಾಡಿ ನೋಡಿದೆ. ಕೆಲವು ಸಲ ನಡೆಯುತ್ತದೆ, ಕೆಲವು ಸಲ ನನ್ನ ಮಾತನ್ನು ನಾನೇ ನಂಬುವುದಿಲ್ಲ.

ನನಗೆ ಖರೇ ಕೆಲಸ ಮಾಡಿದ್ದು ಬೇರೆ. ಮನೆಯಲ್ಲಿ ನಾವು ರಿಯಾಜ್ ಮಾಡುವುದು ಚಹಾ ಕುಡಿದು, ಫ್ಯಾನ್ ಹಾಕಿಕೊಂಡು, ಆರಾಮಾಗಿ. ವೇದಿಕೆ ಮೇಲೆ ನುಡಿಸುವುದು ಎದೆ ಡವಡವ ಅನ್ನುವಾಗ. ಆ ಡವಡವದಲ್ಲಿ ನುಡಿಸುವ ರಿಯಾಜ್ ಯಾರೂ ಮಾಡಿಸಿರುವುದಿಲ್ಲ. ಹಾಗಾಗಿ ಕಚೇರಿ ಹತ್ತಿರ ಬಂತೆಂದರೆ ಸಿತಾರ್ ಶ್ರುತಿ ಮಾಡಿ ಇಟ್ಟು, ತಾರಸಿಯ ಮೆಟ್ಟಿಲನ್ನು ಓಡುತ್ತಾ ಹತ್ತಿ ಇಳಿಯುತ್ತೇನೆ. ಏದುಸಿರು ಬರುವಾಗಲೇ ಕೂತು ಆಲಾಪ ಶುರು. ಮನೆಯವರು ನಗುತ್ತಾರೆ, ನಗಲಿ. ಬೆವರಿದ ಬೆರಳು ಎಲ್ಲಿ ಜಾರುತ್ತದೆ, ಎಷ್ಟು ಒತ್ತಿದರೆ ನಿಲ್ಲುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅಂಥ ಮೈಯಲ್ಲಿ ಮೊದಲ ಐದು ನಿಮಿಷ ದಾಟಿದರೆ ಸಾಕು, ಮುಂದಿನದು ರಾಗವೇ ನೋಡಿಕೊಳ್ಳುತ್ತದೆ.

ಇನ್ನೊಂದು, ವೇದಿಕೆ ಮೇಲಿನ ಶ್ರುತಿ. ಒಳಗೆ ಎಷ್ಟೇ ಸರಿ ಮಾಡಿದ್ದರೂ ದೀಪದ ಶೆಕೆಗೆ, ಮೀಟದೆಯೇ ಜೊತೆಗೆ ಮಿಡಿಯುವ ತರಬ್ ತಂತಿಗಳು ಒಂದಿಷ್ಟು ಇಳಿದೇ ಇರುತ್ತವೆ. ತಂತಿ ಬಿಗಿಯುವ ಖುಂಟಿ ತಿರುವಲೇಬೇಕು. ಜನ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ. ಆ ಹೊತ್ತು ನನ್ನದು. ಷಡ್ಜ ಒಂದು ಸಲ ಮೀಟಿ, ಅದರ ಗುಂಯ್ ಅನ್ನುವ ದನಿ ಪೂರ್ತಿ ಅಡಗುವವರೆಗೆ ಉಸಿರು ಬಿಡುತ್ತಾ ಹೋಗುತ್ತೇನೆ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಆದರೆ ಬಡಿತ ತಾನಾಗಿ ನಿಧಾನ ಆಗುತ್ತದೆ. ಮತ್ತೆ ಮೀಟು, ಮತ್ತೆ ಬಿಡು. ನೋಡುವವರಿಗೆ ಇದೂ ಶ್ರುತಿ ಮಾಡುವ ಹಾಗೇ ಕಾಣುತ್ತದೆ. ವಾಯೊಲಿನ್ನಿಗೂ ಇದು ನಡೆದೀತು ಅಂತ ಹುಡುಗನಿಗೆ ಹೇಳಿದೆ. ಕಮಾನು ಎಳೆಯುವುದೂ ಉದ್ದ, ಉಸಿರೂ ಉದ್ದ.

ಅವನು ಕೊನೆಗೆ ಕೇಳಿದ್ದು, "ವಯಸ್ಸಾದಂಗ ಕಡಿಮಿ ಆಗ್ತದೇನ್ರೀ?" ಅಂತ. ಪಿಯಾನೊದ ಹೊರೊವಿಟ್ಜ್ ದೊಡ್ಡ ಹೆಸರು ಬಂದ ಮೇಲೆಯೇ 1953ರಿಂದ 1965ರವರೆಗೆ ವೇದಿಕೆ ಬಿಟ್ಟು ದೂರ ಇದ್ದರು. ಅಂಜಿಕೆಗೆ ವಯಸ್ಸು, ಹೆಸರು ಯಾವುದೂ ಅಡ್ಡಿ ಇಲ್ಲ. ಅದು ಕೇಳಿ ಅವನಿಗೆ ಯಾಕೋ ಸಮಾಧಾನ ಆಯಿತು.

ಒಂದು ಮಾತು ಅವನಿಗೆ ಹೇಳುವುದು ಉಳಿಯಿತು. ಕಚೇರಿ ಮುಗಿದರೂ ಮೈಯೊಳಗಿನ ಆ ಹುರುಪು ಬೇಗ ಇಳಿಯುವುದಿಲ್ಲ. ಧಾರವಾಡದಿಂದ ತಿರುಗಿ ಬರುವಾಗ ಗಿರಮಿಟ್ಟು, ಮಿರ್ಚಿ ತಿಂದು ಬಂದರೂ ನಡುರಾತ್ರಿವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಅವತ್ತು ರೆಕಾರ್ಡಿಂಗ್ ಕೇಳಬಾರದು. ಕೇಳಿದರೆ ಜಾರಿದ ಮೀಂಡ್ ಒಂದೇ ಕಿವಿಗೆ ಬೀಳುತ್ತದೆ. ಎರಡು ದಿನ ಬಿಟ್ಟು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕೇಳುತ್ತೇನೆ. ಆಗ ಉಳಿದದ್ದೂ ಕೇಳಿಸುತ್ತದೆ.