ಜರ್ಮನ್ ಅಜ್ಜಿಯ ಶಾವಿಗೆ, ನನ್ನ ಹರಕು ರೊಟ್ಟಿ

ಗದಗಿಗೆ ಹೋದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಅಲ್ಲೇನ್ ತಿಂತೀಯಪಾ? ಬರೇ ಬ್ರೆಡ್ಡೇನು?" ಈ ಸಲ ಕಾಕಾ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಕೊಟ್ಟುಬಿಟ್ಟರು. "ಅವರಿಗೆಲ್ಲಿ ಅಡಿಗಿ ಬರ್ತೈತಿ. ಎಲ್ಲಾ ಡಬ್ಬಿ ಒಡದು ಬಿಸಿ ಮಾಡ್ಕೊಂಡು ತಿನ್ನೋ ಮಂದಿ."

ಹೀಗೆ ಹೇಳುತ್ತ ಕಾಕಾ ಖಟಿ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡರು. ಆ ರೊಟ್ಟಿ ಪ್ಯಾಕೆಟ್ಟಿನದು. ಚಟ್ನಿಯೂ ಪ್ಯಾಕೆಟ್ಟಿನದೇ. ಕಾಕುಗೆ ಮೊಣಕಾಲು ನೋವು ಶುರುವಾದ ಮೇಲೆ ರೊಟ್ಟಿ ಬಡಿಯುವುದು ನಿಂತಿದೆ, ಓಣಿಯ ತುದಿಯಲ್ಲಿ ಹೆಣ್ಣುಮಕ್ಕಳು ಸೇರಿ ನಡೆಸುವ ಅಂಗಡಿಯಿಂದ ವಾರಕ್ಕೆರಡು ಕಟ್ಟು ಬರುತ್ತದೆ. ರುಚಿ ಚೆನ್ನಾಗಿಯೇ ಇತ್ತು, ಅದರಲ್ಲಿ ತಪ್ಪೇನಿಲ್ಲ. ಊಟಕ್ಕೆ ಕೂತವರ ಹತ್ತಿರ ವಾದ ಯಾಕೆ ಅಂತ ಸುಮ್ನಾದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಅನ್ನುವ ಊರು. ನೆಕ್ಕರ್ ನದಿ, ದಂಡೆಯ ಗುಡ್ಡದ ಮೇಲೆ ದ್ರಾಕ್ಷಿ ತೋಟ. ಬಂದು ಏಳು ವರ್ಷವಾಯಿತು. ಬರುವಾಗ ನನಗೆ ಬರುತ್ತಿದ್ದ ಅಡಿಗೆ ಎಂದರೆ ಚಹಾ, ಅನ್ನ, ಮತ್ತೆ ಅವ್ವ ಕಟ್ಟಿ ಕೊಟ್ಟ ಪುಡಿಯಲ್ಲಿ ಸಾರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ನಾಲ್ಕೂ ವರ್ಷ ಖಾನಾವಳಿ ಊಟ. ಅದಕ್ಕೂ ಮುಂಚೆ ಅವ್ವ, ಅಕ್ಕ. ಒಂದು ಲೋಟ ತೊಳೆದಿಟ್ಟ ನೆನಪೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಬಂದ ಮೊದಲ ವಾರ ಜೀರಿಗೆ ಅಂತ ತಂದದ್ದು ಜೀರಿಗೆಯೇ ಆಗಿರಲಿಲ್ಲ. ಇಲ್ಲಿ ಕ್ಯುಮೆಲ್ ಅಂದರೆ ಬೇರೆ ಕಾಳು, ನೋಡಲು ಜೀರಿಗೆಯ ತಮ್ಮನ ಹಾಗೇ ಇರುತ್ತದೆ, ಇವರು ಎಲೆಕೋಸಿಗೆ, ಬ್ರೆಡ್ಡಿಗೆ ಹಾಕುತ್ತಾರೆ. ನಮ್ಮ ಜೀರಿಗೆಗೆ ಕ್ರಾಯ್ಟ್ಸ್‌ಕ್ಯುಮೆಲ್ ಅನ್ನಬೇಕು. ಆ ಕ್ಯುಮೆಲ್ ಒಗ್ಗರಣೆ ಹಾಕಿದ ಸಾರು ಔಷಧಿ ಕುಡಿದ ಹಾಗಿತ್ತು. ಮರುದಿನ ಮೆಟ್ಟಿಲ ಮೇಲೆ ಕೆಳಗಿನ ಮನೆಯ ಅಜ್ಜಿ ನನ್ನನ್ನು ನಿಲ್ಲಿಸಿದರು. ವಾಸನೆಗೆ ಬೈಯ್ಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, ಕ್ಯುಮೆಲ್ ಅನ್ನು ಅಷ್ಟು ಹೊತ್ತು ಎಣ್ಣೆಯಲ್ಲಿ ಯಾಕೆ ಸುಟ್ಟೆ ಅಂತ! ಮುಚ್ಚಿದ ಬಾಗಿಲ ಆಚೆಯಿಂದ ಅದು ಯಾವ ಕಾಳು, ಎಷ್ಟು ಸುಟ್ಟಿದೆ ಅನ್ನುವುದನ್ನೆಲ್ಲ ಮೂಗಿನಲ್ಲೇ ಕಂಡುಹಿಡಿದಿದ್ದರು. ಡಬ್ಬಿ ಒಡೆದು ತಿನ್ನುವವರ ಮೂಗು ಹೀಗಿರುತ್ತಾ?

ಆ ಅಜ್ಜಿಗೆ ಎಂಬತ್ತು ದಾಟಿದೆ. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಷ್ಪೆಟ್ಸ್ಲೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಒಣಗಿಸದೇ ಇರುವ ಹಸಿ ಶಾವಿಗೆ, ಸ್ವಲ್ಪ ದಪ್ಪ, ಗಿಡ್ಡ, ಒಂದರ ಹಾಗೆ ಇನ್ನೊಂದಿಲ್ಲ. ಹಿಟ್ಟು, ತತ್ತಿ, ಉಪ್ಪು, ನೀರು, ಇಷ್ಟೇ. ತಲೆಗೊಂದು ತತ್ತಿ, ಮೇಲೆ ಇನ್ನೊಂದು, ಇದು ಅವರ ಲೆಕ್ಕ. (ತತ್ತಿ ತಿನ್ನಲು ಶುರು ಮಾಡಿದ್ದು ಇಲ್ಲೇ. ಅಕ್ಕಾ, ನೀನು ಇದನ್ನ ಓದ್ತೀ ಅಂತ ಗೊತ್ತು, ಅವ್ವನಿಗೆ ಹೇಳಬೇಡ.) ನಡುವೆ ತೂತಿರುವ ಕಟ್ಟಿಗೆ ಸೌಟಿನಿಂದ ಆ ಹಿಟ್ಟನ್ನು ಬಡಿಯುತ್ತಾರೆ. ಕಲಸುವುದಲ್ಲ, ಬಡಿಯುವುದು, ನಾವು ರೊಟ್ಟಿಗೆ ಹೇಳುವ ಮಾತೇ. ಗುಳ್ಳೆ ಏಳುವ ತನಕ ಬಡಿದು ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ಹಿಡಿಕೆಯಿರುವ ಒಂದು ಸಣ್ಣ ಹಲಗೆಯನ್ನು ನೀರಲ್ಲಿ ಅದ್ದಿ, ಮೇಲೆ ಎರಡು ಚಮಚ ಹಿಟ್ಟು ತೆಳ್ಳಗೆ ಸವರಿ, ಕುದಿಯುವ ಉಪ್ಪುನೀರಿನ ಪಾತ್ರೆಯ ಮೇಲೆ ಹಿಡಿದು ಚಾಕುವಿನಿಂದ ಕೆರೆಯುತ್ತಾರೆ. ಕೈ ಎಷ್ಟು ಬೇಗ ಓಡುತ್ತದೆ ಅಂದರೆ ಚಾಕು ಕಾಣುವುದಿಲ್ಲ, ಹಲಗೆಯ ಅಂಚಿನಿಂದ ಎಳೆ ಉದುರುವುದು ಮಾತ್ರ ಕಾಣುತ್ತದೆ. ತಳಕ್ಕೆ ಹೋದದ್ದು ತೇಲಿ ಬಂದರೆ ಬೆಂದಿದೆ ಅಂತ. ತೂತಿನ ಸೌಟಿನಲ್ಲಿ ಎತ್ತಿ ಬಟ್ಟಲಿಗೆ.

ನಾನು ಕೆರೆದಾಗ ಎಳೆಗಳ ಬದಲು ಗೋಲಿ ಬಿದ್ದವು. ಅಜ್ಜಿ ನಗಲಿಲ್ಲ. ಪಾಪದವನು ಅನ್ನುವ ಹಾಗೆ ನೋಡಿದರು, ಅದು ಇನ್ನೂ ಕಷ್ಟ.

ಅದರ ಜೊತೆ ಬಡಿಸುವುದು ಹುಳಿ ಬೇಳೆ. ಹೌದು, ಬೇಳೆ. ಚನ್ನಂಗಿ ಜಾತಿಯ ಸಣ್ಣ ಕಾಳನ್ನು ಸಿಪ್ಪೆ ಸಮೇತ ಬೇಯಿಸಿ, ಹಿಟ್ಟು ಹುರಿದು ಗಟ್ಟಿ ಮಾಡಿ, ಕೊನೆಗೆ ವಿನೆಗರ್ ಹುಳಿ. ಹತ್ತಿರದ ಶ್ವಾಬಿಷೆ ಆಲ್ಬ್ ಗುಡ್ಡಗಾಡಿನ ಕಲ್ಲು ಭೂಮಿಯಲ್ಲಿ ಹಿಂದೆ ಇದನ್ನು ಬೆಳೆಯುತ್ತಿದ್ದರು, ಆಮೇಲೆ ಲಾಭವಿಲ್ಲ ಅಂತ ಬಿಟ್ಟರು, ಬೀಜವೇ ಕಳೆದುಹೋಯಿತು. 2006ರಲ್ಲಿ ಅದೇ ಹಳೆಯ ತಳಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜ ಸಂಗ್ರಹದಲ್ಲಿ ಸಿಕ್ಕಿ, ರೈತರು ಮತ್ತೆ ಬಿತ್ತಿದರು. ಅಂಗಡಿಯಲ್ಲಿ ಇದು ದುಬಾರಿ. ಉಳಿದ ಎಲ್ಲದರಲ್ಲೂ ಪೈಸೆಗೆ ಪೈಸೆ ನೋಡುವ ಅಜ್ಜಿ ಇದನ್ನು ಮಾತ್ರ ಬೆಲೆ ನೋಡದೆ ತರುತ್ತಾರೆ. ನಮ್ಮಲ್ಲಿ ರೊಟ್ಟಿಗೆ ಮಾಲದಂಡಿ ಜೋಳವೇ ಆಗಬೇಕು ಅಂತ ಹಟ ಹಿಡಿಯುವವರಿಲ್ಲವಾ, ಹಾಗೆ.

ಅಜ್ಜಿಯಾಯಿತು, ಹಳೇ ಕಾಲದವರು, ಅವರಿಗೆ ಬರಲೇಬೇಕು ಅನ್ನಬಹುದು. ಆಫೀಸಿನ ಕಥೆ ಕೇಳಿ. ಇಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಎಲ್ಲರಿಗೂ ಕೇಕ್ ತರಬೇಕು. ನನ್ನ ಮೊದಲ ಹುಟ್ಟುಹಬ್ಬಕ್ಕೆ ಬೇಕರಿಯಿಂದ ದೊಡ್ಡ ಕೇಕ್ ತಂದಿಟ್ಟೆ. ಎಲ್ಲರೂ ತಿಂದರು, ಥ್ಯಾಂಕ್ಸ್ ಹೇಳಿದರು, ಅಷ್ಟೇ. ಎರಡು ವಾರದ ನಂತರ ಟೆಸ್ಟಿಂಗ್ ವಿಭಾಗದ ಒಬ್ಬರು, ಐವತ್ತರ ಗಂಡಸು, ಎರಡು ಮಾತಿಗಿಂತ ಜಾಸ್ತಿ ಆಡದವರು, ಮನೆಯಲ್ಲೇ ಮಾಡಿದ ಸೇಬಿನ ಕೇಕ್ ತಂದರು. ಅರ್ಧ ಗಂಟೆ ಚರ್ಚೆ ನಡೆಯಿತು. ಯಾವ ಸೇಬು, ಬೆಣ್ಣೆ ಎಷ್ಟು, ಹಿಟ್ಟು 405 ಹಾಕಿದ್ದಾ 550 ಹಾಕಿದ್ದಾ. ಇಲ್ಲಿ ಹಿಟ್ಟಿನ ಚೀಲದ ಮೇಲೆ ನಂಬರ್ ಇರುತ್ತದೆ. ನೂರು ಗ್ರಾಂ ಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಅನ್ನುವ ಲೆಕ್ಕ ಅದು, ನಂಬರ್ ಹೆಚ್ಚಾದಷ್ಟೂ ತೌಡು ಜಾಸ್ತಿ. ನಮ್ಮ ಗಿರಣಿಯಲ್ಲಿ "ಸಣ್ಣಗ ಬೀಸು, ದಪ್ಪ ಬೀಸು" ಅಂದು ಮುಗಿಸುವುದನ್ನು ಇವರು ಬೂದಿ ತೂಗಿ ಹೇಳುತ್ತಾರೆ. ತಕ್ಕಡಿ ಇಲ್ಲದ ಅಡಿಗೆಮನೆಯನ್ನು ನಾನಿಲ್ಲಿ ನೋಡಿಲ್ಲ. ಬೇಕಿಂಗ್ ಪೌಡರಿನ ಪುಟ್ಟ ಪಾಕೀಟು ಕೂಡ ಒಂದಕ್ಕೆ ಅರ್ಧ ಕಿಲೋ ಹಿಟ್ಟು ಅಂತ ಲೆಕ್ಕ ಹಾಕಿಯೇ ತುಂಬಿರುತ್ತದೆ.

ಹಾಗಂತ ಕಾಕಾನ ಮಾತು ಪೂರ್ತಿ ಸುಳ್ಳೂ ಅಲ್ಲ. ನನ್ನ ಜೊತೆ ಕೆಲಸ ಮಾಡುವ ಇಪ್ಪತ್ತೈದರ ಹುಡುಗರಲ್ಲಿ ಸುಮಾರು ಜನರ ಫ್ರೀಜರ್ ತುಂಬ ಪಿಜ್ಜಾ, ಕಪಾಟಿನಲ್ಲಿ ಬಾಟಲಿ ಸಾಸ್, ಮುಗೀತು. ರಾತ್ರಿ ಒಲೆ ಹಚ್ಚದ ಮನೆ ಬಹಳ. ಬ್ರೆಡ್, ಚೀಸ್, ಉಪ್ಪಿನಕಾಯಿಯ ಹಾಗೆ ಹುಳಿ ಹಾಕಿದ ಸೌತೆ, ಇದೇ ರಾತ್ರಿಯೂಟ, ಅದಕ್ಕೆ ಹೆಸರೇ ಸಂಜೆಯ ಬ್ರೆಡ್. ಮೊದಮೊದಲು ಇದನ್ನು ನೋಡಿ ನನಗೂ ಅಯ್ಯೋ ಅನ್ನಿಸಿತ್ತು. ಬ್ರೆಡ್ಡನ್ನಾದರೂ ಮನೆಯಲ್ಲಿ ಮಾಡುತ್ತಾರಾ ಅಂದರೆ, ಮಾಡುವವರು ಇದ್ದಾರೆ, ಆದರೆ ಹೆಚ್ಚಿನವರು ಬೇಕರಿಗೇ ಹೋಗುತ್ತಾರೆ. ಅದೇನು ಇವರಿಗೆ ನಾಚಿಕೆಯ ವಿಷಯವಲ್ಲ, ಹೆಮ್ಮೆಯದು. 2014ರಲ್ಲಿ ಜರ್ಮನ್ ಬ್ರೆಡ್ ಪರಂಪರೆಯನ್ನು ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿದ್ದಾರೆ. ಅದು ಬೇಕರಿಯವನ ಕೈಗುಣ. ಧಾರವಾಡದವರು ಪೇಡೆಯನ್ನು ಮನೆಯಲ್ಲಿ ಮಾಡುತ್ತಾರಾ? ಚುರುಮುರಿಯನ್ನು ಯಾರು ಮನೆಯಲ್ಲಿ ಹುರಿಯುತ್ತಾರೆ? ಹಾಗೇ ಇದೂ.

ಅಜ್ಜಿಯ ಅಡಿಗೆಮನೆಯಲ್ಲೂ ಮ್ಯಾಗಿ ಇದೆ ಗೊತ್ತಾ. ನೂಡಲ್ಸ್ ಅಲ್ಲ, ಕಂದು ಬಣ್ಣದ ಬಾಟಲಿಯ ರಸ, 1886ರಿಂದ ಇದೆಯಂತೆ, ಸೂಪಿಗೆ ನಾಲ್ಕು ಹನಿ. ಎಲ್ಲವನ್ನೂ ಕೈಯಾರೆ ಮಾಡುವವರಿಗೂ ಒಂದು ಬಾಟಲಿ, ಒಂದು ಪಾಕೀಟು ಇದ್ದೇ ಇರುತ್ತದೆ. ಅವ್ವನ ಡಬ್ಬಿಯಲ್ಲಿ ಇಂಗು ಎಲ್ಲಿಂದ ಬಂತು?

ನನಗೆ ಚುಚ್ಚಿದ್ದು ಬೇರೆ. ಒಂದು ದಿನ ಅಜ್ಜಿ ಕೇಳಿದರು, ನಿಮ್ಮೂರಲ್ಲಿ ದಿನಾ ತಿನ್ನುವ ಬ್ರೆಡ್ ಯಾವುದು, ಮಾಡಿ ತೋರಿಸು ಅಂತ. ಜೋಳದ ರೊಟ್ಟಿ ಅಂದೆ, ಕೈಯಲ್ಲಿ ಬಡಿದು ತೋರಿಸಿದೆ, ಗಾಳಿಯಲ್ಲಿ. ಗಾಳಿಯಲ್ಲಿ ಚೆನ್ನಾಗಿ ಬಂತು. ನಮ್ಮವರಿಗೆಲ್ಲ ಅಡಿಗೆ ಬರುತ್ತದೆ ಅಂತ ಎದೆ ತಟ್ಟಿಕೊಳ್ಳುವ ನಾವು, ಅದರಲ್ಲಿ ಅರ್ಧ ಜನರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಬರುವುದು ಅವ್ವನಿಗೆ, ಕಾಕುಗೆ, ಅಕ್ಕನಿಗೆ. ನನ್ನ ಖಾನಾವಳಿಯಲ್ಲೂ ಗಲ್ಲಾದ ಮೇಲೆ ಮಾಲೀಕ, ಒಳಗೆ ಹೊಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದದ್ದು ನಾಲ್ಕು ಹೆಣ್ಣುಮಕ್ಕಳು. ಕಾಕುಗೆ ಮೊಣಕಾಲು ನೋವು ಬಂದರೆ ಮನೆಯಲ್ಲಿ ರೊಟ್ಟಿಯೇ ನಿಂತುಹೋಗುತ್ತದೆ. ಕಾಕಾನ ಮೊಣಕಾಲು ಗಟ್ಟಿಮುಟ್ಟಾಗಿದೆ.

ಸರಿ, ಸ್ಟುಟ್‌ಗಾರ್ಟಿನ ಒಂದು ಅಂಗಡಿಯಿಂದ ಜೋಳದ ಹಿಟ್ಟು ತಂದೆ. ಭಾನುವಾರ, ಅವ್ವ ಫೋನಿನಲ್ಲಿ. ತಣ್ಣೀರಲ್ಲಿ ಕಲಸಿದೆ, ಬಡಿದೆ, ಬರಗಾಲದ ಎರಿ ಹೊಲದ ಹಾಗೆ ಬಿರುಕು ಬಿಟ್ಟಿತು. ಎತ್ತಿದರೆ ಮೂರು ತುಂಡು.

"ಎಸರು ಇಟ್ಟಿಯೇನು?"

"ಇಲ್ಲವ್ವ, ನಲ್ಲಿ ನೀರು ಹಾಕ್ದೆ."

"ಜ್ವಾಳಕ್ಕ ತಣ್ಣೀರು ಯಾರ್ ಹಾಕ್ತಾರಪಾ? ಅದೇನ್ ಗೋದಿ ಅಂತ ತಿಳ್ಕೊಂಡಿಯೇನು?"

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನೊಳಗಿನ ಗಂಜಿ ಅಲ್ಲೇ ಬೆಂದು ಜಿಗಿ ಬರುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ಇದನ್ನು ನಾನು ಆಮೇಲೆ ಓದಿ ತಿಳಿದೆ, ಅವ್ವನಿಗೆ ಓದದೆಯೇ ಗೊತ್ತು. ಎಸರು ಹಾಕಿದರೂ ಎರಡನೇ ಸಲ ಅಂಚೆಲ್ಲ ಹರಿಯಿತು. ಪ್ಯಾಕೆಟ್ ತಿರುಗಿಸಿ ನೋಡಿದರೆ ಹಿಟ್ಟು ಬೀಸಿ ಏಳು ತಿಂಗಳಾಗಿತ್ತು. ಅವ್ವ ವಾರಕ್ಕೊಮ್ಮೆ ಗಿರಣಿಗೆ ಓಡುವುದು ಸುಮ್ನೆ ಅಲ್ಲ ಅಂತ ಆ ದಿನ ಗೊತ್ತಾಯಿತು. ಊರಿಂದ ಬರುವವರ ಕೈಲಿ ಹೊಸ ಹಿಟ್ಟು ತರಿಸಿದೆ. ಗಾಜಿನ ಒಲೆ, ಬೆಂಕಿ ಇಲ್ಲ, ಬೀಡಿನ ಹಂಚು ಕಾಯಲು ಹತ್ತು ನಿಮಿಷ. ಬಡಿದ ಸದ್ದಿಗೆ ಪಕ್ಕದವರು ಒಮ್ಮೆ ಬಾಗಿಲು ತಟ್ಟಿದರು, ಹೊಗೆ ಅಲಾರಂ ಮೂರು ಸಲ ಕೂಗಿತು. ಮೇಲೆ ನೀರು ಸವರಿ, ಅದು ಆರುವ ಹೊತ್ತಿಗೆ ಸರಿಯಾಗಿ ತಿರುವಿಹಾಕಿ, ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸುವುದು ಕೈಗೆ ಹತ್ತಲು ಒಂದು ಚಳಿಗಾಲ ಬೇಕಾಯಿತು. ಈಗಲೂ ನನ್ನ ರೊಟ್ಟಿ ದುಂಡಗಿಲ್ಲ. ಆದರೆ ಉಬ್ಬುತ್ತದೆ.

ಹೋದ ತಿಂಗಳು ಅಜ್ಜಿಗೆ ಮಾಡಿ ತೋರಿಸಿದೆ. ಹುಳಿ ಬೇಳೆಯ ಜೊತೆ ಒಂದೂವರೆ ರೊಟ್ಟಿ ತಿಂದು, ನೋಟ್‌ಬುಕ್ ತೆಗೆದು, ನೀರು ಎಷ್ಟು ಅಂತ ಕೇಳಿದರು. ಹಿಟ್ಟು ಹಿಡಿದಷ್ಟು ಅಂದೆ. ಅದು ಅವರಿಗೆ ಉತ್ತರ ಅನ್ನಿಸಲಿಲ್ಲ. 250 ಗ್ರಾಂ ಹಿಟ್ಟು ತೂಗಿ ಬಟ್ಟಲಿಗೆ ಹಾಕಿದರು, ಈಗ ನಿನ್ನ ಕೈಯಳತೆಯಲ್ಲಿ ಕಲಸು ಅಂದರು, ನಾನು ನಾದಿ ಮುಗಿಸಿದ ಮೇಲೆ ಬಟ್ಟಲನ್ನು ಮತ್ತೆ ತಕ್ಕಡಿಗಿಟ್ಟು ಕಳೆದು ನೋಡಿ, ನೀರು 230 ಅಂತ ಬರೆದುಕೊಂಡರು.

ರಾತ್ರಿ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆಕಿಗೆ ಹೇಳು, ಹೊಸಾ ಹಿಟ್ಟಾದ್ರ ಇನ್ನೊಂದೀಟು ಬೇಕಾಕ್ಕತಿ."